ಟಿ.ವಿ.ಗೆ ಬೆನ್ನು ಹಾಕಿ ಕೂರುತ್ತಿದ್ದವರು

ಅರಸೀಕೆರೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಕೊಬ್ಬರಿ ಮಂಡಿ ಇದೆ. ಅದರ ಮಹಡಿಯ ಮೇಲೆ ಆಗ ಕೇಬಲ್ ಟಿ.ವಿ.ಯ ಕಂಟ್ರೋಲ್ ರೂಮ್ ಇತ್ತು. ಆ ಕೋಣೆಯ ಬಾಗಿಲಲ್ಲಿ, ಚಪ್ಪಲಿ ಕಳಚಿ, ಒಂದು ಕಾಲು ಹೊಸ್ತಿಲಿನ ಒಳಗೆ, ಇನ್ನೊಂದು ಹೊರಗೆ ಇಟ್ಟು ನಾನು ನಿಂತಿದ್ದೆ. ಅವರೆಕಾಯಿ ಕಾಲದ ಒಂದು ಗುರುವಾರ. ಮಧ್ಯಾಹ್ನ ಮೂರಕ್ಕೆ ಇನ್ನೂ ಐದು ನಿಮಿಷವಿತ್ತು. ಒಳಗೆ ನಾಲ್ಕು ಜನ ಇದ್ದರು. ಯಾರು ಎಲ್ಲಿದ್ದರು ಎಂಬುದನ್ನು ಈಗಲೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಇದನ್ನು ಬರೆಯಬೇಕೆಂದು ಇಷ್ಟು ವರ್ಷ ಅನಿಸಿರಲಿಲ್ಲ. ಆ ಕೋಣೆಯ ಯಜಮಾನರು ಹೋದ ತಿಂಗಳು ತೀರಿಕೊಂಡರು. ಮಠದ ಸಭಾಂಗಣದಲ್ಲಿ ನಡೆದ ಶ್ರದ್ಧಾಂಜಲಿಯಲ್ಲಿ ಒಬ್ಬರು ಮೈಕು ಹಿಡಿದು, "ಬೆಂಗಳೂರಿನವರ ಕಾರ್ಯಕ್ರಮವನ್ನು ಒಂದು ಗುಂಡಿ ಒತ್ತಿ ನಿಲ್ಲಿಸಿದ ಧೀರ" ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ವ್ಯಾಪಾರಿಯೊಬ್ಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಧೀರ ಏನ್ ಬಂತು, ದುರಹಂಕಾರ ಕಣ್ರೀ. ಸೀರಿಯಲ್ ಹೋಯ್ತು ಅಂತ ನಮ್ಮನೆಯವಳು ಅನ್ನ ಇಕ್ಕೋವಾಗೆಲ್ಲ ಆವಯ್ಯನ್ನ ಬಯ್ಯೋಳು" ಎಂದರು. ಎರಡೂ ಮಾತು ಕೇಳಿಸಿಕೊಂಡು ಮನೆಗೆ ಬಂದೆ. ಆಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಗುಂಡಿ ಎಂಬುದು ಇರಲೇ ಇಲ್ಲ. ಕೈಯಿಂದ ಎಳೆದು ತೆಗೆಯಬೇಕಾದ ಒಂದು ಕಪ್ಪು ವೈರ್ ಇತ್ತು. ನಾನು ಕಂಡದ್ದು ಅದು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಸಂಜೆ ಹೊತ್ತು ಆ ಯಜಮಾನರ ಲೋಕಲ್ ಚಾನೆಲ್ಲಿನಲ್ಲಿ ಊರ ಸುದ್ದಿ ಓದುತ್ತಿದ್ದೆ. ಸುದ್ದಿ ಎಂದರೆ ಕೊಬ್ಬರಿ ದರ, ನಾಳೆ ಕರೆಂಟ್ ಇಲ್ಲದ ಬಡಾವಣೆಗಳು, ಕಳೆದುಹೋದ ಹಸು, ತೀರಿಕೊಂಡವರು. ಮೊದಲ ದಿನ ನಾನು ಓದಿ ಮುಗಿಸಿದಾಗ ಅವರು ಕೊಟ್ಟ ಸಲಹೆ ಇಷ್ಟೇ: "ಮೇಷ್ಟ್ರೇ, ಕೊಬ್ಬರಿ ರೇಟು ಬೇಗ ಓದ್ರಿ, ಪರವಾಗಿಲ್ಲ. ಅದು ನಾಳೆ ಬದಲಾಯ್ತದೆ. ಸತ್ತೋರ ಹೆಸರು ಮಾತ್ರ ನಿಧಾನ."

ತೆಳ್ಳಗಿನ ಮನುಷ್ಯ. ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಮಡಿಸಿದ ಬಿಳಿ ಶರಟು. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಅವರು ಕರೆಂಟಿನ ಟೆಸ್ಟರ್ ಇಟ್ಟುಕೊಳ್ಳುತ್ತಿದ್ದರು. ಮಗಳ ಧಾರೆಯ ದಿನ ಹೊಸ ರೇಷ್ಮೆ ಶರಟಿನ ಜೇಬಿನಲ್ಲೂ ಅದು ಇತ್ತು. ಫೋಟೋದವನು ತೆಗೆಯಿರಿ ಎಂದದ್ದಕ್ಕೆ, "ಇದಿಲ್ದಿದ್ರೆ ಬೀಗರು ನನ್ನ ಗುರುತು ಹಿಡಿಯಲ್ಲ ಕಣೋ" ಎಂದರು. ಊರಿಗೆಲ್ಲ ಅವರು ಕೇಬಲ್ ಅಣ್ಣ.

ಅವರ ಮಹಡಿಯ ತಾರಸಿಯ ಮೇಲೆ ಡಿಶ್ ಆಂಟೆನಾದ ದೊಡ್ಡ ಛತ್ರಿಗಳಿದ್ದವು. ಬೆಂಗಳೂರಿನ ಚಾನೆಲ್ಲುಗಳು ಮೊದಲು ಬಂದು ಬೀಳುತ್ತಿದ್ದದ್ದು ಅಲ್ಲಿ. ಅಲ್ಲಿಂದ ಅವರ ವೈರು ಕರೆಂಟ್ ಕಂಬಗಳ ಮೇಲೆ ಹಾದು ಜಾವಗಲ್ ದಾರಿಯಲ್ಲಿ ಹಳೇಬೀಡಿಗೆ, ಮುಂದೆ ಬೇಲೂರಿಗೆ ಹೋಗುತ್ತಿತ್ತು. ಮಧ್ಯೆ ಕವಲೊಡೆದು ಮಾದಿಹಳ್ಳಿ, ಗೆಂಡೆಹಳ್ಳಿಗಳ ಮನೆ ಸೇರುತ್ತಿತ್ತು. ಯಾವ ಚಾನೆಲ್ ಎಷ್ಟನೇ ನಂಬರಿನಲ್ಲಿ ಬರಬೇಕು, ಯಾವುದರ ಪಕ್ಕದಲ್ಲಿ ಕೂರಬೇಕು ಎಂಬುದು ಅವರ ಕೈಯಲ್ಲಿತ್ತು. "ಜನ ರಿಮೋಟು ಎಷ್ಟು ದೂರ ಒತ್ಕೊಂಡು ಹೋದಾರು ಮೇಷ್ಟ್ರೇ? ಹೆಬ್ಬೆಟ್ಟು ನೋಯೋಕೆ ಮುಂಚೆ ಸಿಕ್ಕಿದ್ದೇ ಒಳ್ಳೆ ಚಾನೆಲ್ಲು" ಎನ್ನುತ್ತಿದ್ದರು.

ಯಾವುದನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲು ಅವರಿಗೆ ಅವರದೇ ಒಂದು ಕ್ರಮವಿತ್ತು. ಮಧ್ಯಾಹ್ನ ಸ್ಕೂಟರ್ ಹತ್ತಿ ಯಾರದಾದರೂ ಮನೆಗೆ ಹೋಗುತ್ತಿದ್ದರು. ಲೈನು ಸರಿ ಇದೆಯಾ ನೋಡಲು ಎಂದು ನೆಪ. ನಡುಮನೆಯಲ್ಲಿ ಟಿ.ವಿ. ಓಡುತ್ತಿರುತ್ತಿತ್ತು. ಇವರು ಅದಕ್ಕೆ ಬೆನ್ನು ಹಾಕಿ, ನೋಡುವವರಿಗೆ ಮುಖ ಮಾಡಿ ಕೂರುತ್ತಿದ್ದರು. ಹಳೇಬೀಡಿನ ಒಂದು ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಯ ಅಜ್ಜಿ ಸೊಸೆಯರೊಂದಿಗೆ ಅವರೆಕಾಯಿ ಸುಲಿಯುತ್ತಿದ್ದರು.

"ಏನ್ಲಾ ಅಪ್ಪ, ಟಿ.ವಿ. ಅಲ್ಲೈತೆ, ನನ್ನ ಮಕ ಯಾಕ್ಲಾ ಹಂಗ್ ನೋಡ್ತೀಯ? ಕೊಂಬು ಬಂದವಾ?"

"ಅದು ಇಪ್ಪತ್ನಾಕು ಗಂಟೆನೂ ಬತ್ತದೆ ಅಜ್ಜಿ. ನೀವು ಸಿಗೋದು ಈಗ್ಲೇ."

"ಹಂಗಾರೆ ಸುಮ್ನೆ ಕೂರ್ಬೇಡ, ನೀನೂ ಒಂದು ಹಿಡಿ ಸುಲಿ."

ಅವರು ಮಡಿಲಿಗೆ ಅವರೆಕಾಯಿ ಹಾಕಿಕೊಂಡು ಸುಲಿಯುತ್ತ ಆ ಹೆಂಗಸರ ಕೈಗಳನ್ನು ನೋಡಿದರು. ಹೊರಗೆ ಬಂದ ಮೇಲೆ ಹೇಳಿದರು: "ಸುಲಿಯೋ ಕೈ ನಿಲ್ಬೇಕು ಮೇಷ್ಟ್ರೇ. ಕಾಯಿ ಅರ್ಧ ಬಿಚ್ಚಿರ್ಬೇಕು, ಕಾಳು ಬೀಳಬಾರದು. ಆಗ ಗೊತ್ತಾಯ್ತದೆ, ಮಾತು ಒಳಕ್ಕೆ ಹೋಯ್ತು ಅಂತ."

ಆ ಅಜ್ಜಿಯ ಕೈ ನಿಲ್ಲಿಸಿದ್ದು ಒಂದು ಮಾತುಕತೆಯ ಕಾರ್ಯಕ್ರಮ. ಬೆಂಗಳೂರಿನ ದೊಡ್ಡ ಟಿ.ವಿ. ಕಂಪನಿಯೊಂದು ಹೊಸದಾಗಿ ಶುರು ಮಾಡಿದ್ದ ಚಾನೆಲ್ಲಿನಲ್ಲಿ ದಿನಾ ಮೂರು ಗಂಟೆಗೆ ಬರುತ್ತಿತ್ತು. ನಡೆಸುವವರು ಒಬ್ಬ ಹೆಂಗಸು. ಒಂದು ಮೇಜು, ಎರಡು ಕುರ್ಚಿ, ಎದುರಿಗೆ ಒಬ್ಬ ಸೂಲಗಿತ್ತಿಯೋ ಬಸ್ ಕಂಡಕ್ಟರೋ ಹಾಸ್ಟೆಲ್ಲಿನ ಅಡಿಗೆಯವರೋ. ಆಕೆ ಕೇಳುತ್ತಿದ್ದದ್ದು ಕಡಿಮೆ, ಕಾಯುತ್ತಿದ್ದದ್ದು ಹೆಚ್ಚು. ಚಾನೆಲ್ ಮಾತ್ರ ಎಲ್ಲ ಊರಿನಲ್ಲೂ ಕೊನೆಯ ನಂಬರಿನಲ್ಲಿ ಬಿದ್ದಿತ್ತು. ಇವರು ಅದನ್ನು ಎತ್ತಿ ತಂದು, ಸೀರಿಯಲ್ ಚಾನೆಲ್ಲಿಗೂ ಹಾಡಿನ ಚಾನೆಲ್ಲಿಗೂ ನಡುವೆ ಕೂರಿಸಿದರು. ಆಮೇಲೆ ತಿಪಟೂರು, ಕಡೂರಿನ ಕೇಬಲ್‌ನವರು ಫೋನ್ ಮಾಡಿ, "ನಿಮ್ಮಲ್ಲಿ ಹೆಂಗೆ ಓಡ್ತೈತಣ್ಣ?" ಎಂದು ಕೇಳಿ ತಾವೂ ಹಾಗೇ ಮಾಡಿದರು. ಕಾರ್ಯಕ್ರಮ ಎದ್ದಿತು. ಚಾನೆಲ್ಲಿನ ಕಡೆಯವರು ಶಾಲು, ಹಣ್ಣಿನ ಬುಟ್ಟಿ ಹಿಡಿದು ಬಂದರು. ಆ ಹೆಂಗಸಿನ ಪಕ್ಕ ಇವರು ನಿಂತ ಫೋಟೋ ಕಂಟ್ರೋಲ್ ರೂಮಿನ ಗೋಡೆಗೆ ಬಂತು. ಅದರಲ್ಲೂ ಟೆಸ್ಟರ್ ಕಾಣುತ್ತಿತ್ತು.

ಆದರೆ ಎತ್ತಿದ ಕೈಯ ಇನ್ನೊಂದು ಗುಣವನ್ನೂ ಹೇಳದಿದ್ದರೆ ಈ ಚಿತ್ರ ಅರ್ಧ ಸುಳ್ಳಾಗುತ್ತದೆ. ಒಮ್ಮೆ ಬೇರೊಂದು ಚಾನೆಲ್ಲಿನ ಚರ್ಚೆಯಲ್ಲಿ ನಮ್ಮ ಕಡೆಯ ಮುಖಂಡರೊಬ್ಬರ ವಿಷಯ ಬರುವುದಿತ್ತು. ಸರಿಯಾಗಿ ಆ ಹೊತ್ತಿಗೆ ನಮ್ಮಲ್ಲಿ ಆ ಚಾನೆಲ್ ಹೋಯಿತು. ಪರದೆಯ ಮೇಲೆ "ತಾಂತ್ರಿಕ ದೋಷ" ಎಂದು ಬಂತು. ಮಾರನೆಯ ದಿನ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ನನ್ನ ವೈರು ಬೇರೆಯೋರ ಕಂಬದ ಮೇಲೆ ನಿಂತೈತೆ ಮೇಷ್ಟ್ರೇ" ಎಂದರು. ಅಷ್ಟೇ.

ಎರಡನೇ ವರ್ಷಕ್ಕೆ ಆ ಮಾತುಕತೆ ಬದಲಾಯಿತು. ಮೇಜು ಹೋಯಿತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ನಡುವೆ ಆ ಹೆಂಗಸು. ಕಾಯುವುದನ್ನು ಆಕೆ ಬಿಟ್ಟಿದ್ದರು. ಯಜಮಾನರು ಮನೆಮನೆಗೆ ಹೋಗಿ ಬಂದು ಕೋಣೆಯಲ್ಲಿ ಕೂರಲಾರದೆ ಅತ್ತಿಂದಿತ್ತ ಓಡಾಡುತ್ತಿದ್ದರು. "ಕೈ ನಿಲ್ತಾವೆ ಮೇಷ್ಟ್ರೇ, ಮುಂಚೆಗಿಂತ ಜಾಸ್ತಿ ನಿಲ್ತಾವೆ. ಆದ್ರೆ ಸೊಸೆಯರು ಎದ್ದು ಒಳಕ್ಕೆ ಹೋಗ್ತಾವ್ರೆ. ಅತ್ತೆಯರು ನೋಡ್ತಾವ್ರೆ, ಸೊಸೆಯರು ಹೋಗ್ತಾವ್ರೆ." ಫೋನಿನಲ್ಲಿ ಚಾನೆಲ್ಲಿನವನಿಗೆ ಇದನ್ನೇ ಹೇಳಿದರು. ಅವನು, "ಎದ್ದು ಹೋದೋರನ್ನ ಯಾರೂ ಲೆಕ್ಕ ಹಾಕಲ್ಲ ಸಾರ್" ಎಂದನಂತೆ. ಹಾಗಂದರೂ ಇವರು ನಂಬರು ಬದಲಾಯಿಸಲಿಲ್ಲ. ತಾವೇ ಎತ್ತಿ ಕೂರಿಸಿದ್ದು ತಾನೆ.

ನಮ್ಮ ಲೋಕಲ್ ಚಾನೆಲ್ಲಿಗೆ ಒಂದು ರೂಢಿ ಇತ್ತು. ನಮ್ಮ ಮೂರು ಊರಿನ ಸುತ್ತಮುತ್ತಲಿನ ಯಾರೇ ಯಾವುದೇ ಟಿ.ವಿ.ಯಲ್ಲಿ ಬರಲಿ, ಹಾಡಲಿ, ಅಡಿಗೆ ಮಾಡಲಿ, ಹಿಂದಿನ ದಿನವೇ ಪರದೆಯ ಕೆಳಗೆ ಸಾಲು ಓಡುತ್ತಿತ್ತು: "ನಮ್ಮೂರ ಪ್ರತಿಭೆ, ತಪ್ಪದೆ ವೀಕ್ಷಿಸಿ." ಆ ವಾರ ಆ ಕಾರ್ಯಕ್ರಮದ ಬಗ್ಗೆ ಬೆಂಗಳೂರಿನಿಂದ ಬಂದ ವಿವರದಲ್ಲಿ ಮಾದಿಹಳ್ಳಿ ಎಂಬ ಹೆಸರು ಕಂಡಿತು. ಯಾಕೆ, ಏನು ಎಂದು ಯಾರೂ ಕೇಳಲಿಲ್ಲ. ಯಜಮಾನರು ಹೇಳಿದರು, ಕೋಣೆಯ ಕೆಲಸ ನೋಡಿಕೊಳ್ಳುತ್ತಿದ್ದ ಕುಮಾರ ಟೈಪ್ ಮಾಡಿದ. "ನಮ್ಮ ಮಾದಿಹಳ್ಳಿಯ ಮಹಿಳೆ ಬುಧವಾರ ಮತ್ತು ಗುರುವಾರ ಮೂರು ಗಂಟೆಗೆ, ತಪ್ಪದೆ ವೀಕ್ಷಿಸಿ." ಹಾಗಾಗಿ ಯಾರೂ ತಪ್ಪಿಸಲಿಲ್ಲ.

ಆ ಮಹಿಳೆ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದವರು. ಹೆಸರು ನಾನು ಬರೆಯುವುದಿಲ್ಲ. ಗಂಡ ಮನೆ ಬಿಟ್ಟು ಬೇಲೂರಿನಲ್ಲಿ ಬೇರೆ ಸಂಸಾರ ಹೂಡಿದ್ದ. ದೊಡ್ಡವರು ನಾಲ್ಕು ಜನರೆದುರು ಹೇಳಿದರೆ ನಾಚಿಕೊಂಡು ಬಂದಾನು ಎಂಬ ಆಸೆಯಲ್ಲಿ ಕಾರ್ಯಕ್ರಮಕ್ಕೆ ಹೋಗಿದ್ದರು. ಬೆಂಗಳೂರು ಗೊತ್ತಿಲ್ಲವೆಂದು ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳನ್ನು ಜೊತೆಗೆ ಕರೆದೊಯ್ದಿದ್ದರು. ಬುಧವಾರದ ಕಂತಿನಲ್ಲಿ ಗಂಡ ಹೆಂಡತಿಯ ಕೂಗಾಟ ಬಂತು. ಕೊನೆಯಲ್ಲಿ, ನಾಳೆ ಏನು ಬರುತ್ತದೆ ಎಂದು ತೋರಿಸುವ ತುಣುಕು. ನೋಡುವವರ ಸಾಲಿನಲ್ಲಿ ಕೂತಿದ್ದ ಮಗಳನ್ನು ಆ ಹೆಂಗಸು ಕೈ ಹಿಡಿದು ವೇದಿಕೆಗೆ ತರುತ್ತಾರೆ. "ಹೇಳು ಪುಟ್ಟ, ಸುಳ್ಳು ಹೇಳ್ತಿರೋದು ಅಪ್ಪನಾ, ಅಮ್ಮನಾ?" ಹುಡುಗಿ ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ. ಆ ತೆರೆದ ಬಾಯಿ ಸಂಜೆಯೆಲ್ಲ ಮತ್ತೆ ಮತ್ತೆ ಬಂತು.

ಆ ಗುರುವಾರ ನಮ್ಮ ಶಾಲೆಗೆ ರಜೆ. ಸಂಜೆಯ ಸುದ್ದಿ ಬರೆದುಕೊಡಲು ಹೋಗಿದ್ದೆ. ನಾನು ಮೆಟ್ಟಿಲು ಹತ್ತುವಾಗಲೇ ತಾಯಿ ಮಗಳು ಮೇಲೆ ಬಂದಾಗಿತ್ತು. ತಾಯಿ ಯಂತ್ರಗಳ ಕಪಾಟಿನ ಪಕ್ಕ ನಿಂತಿದ್ದರು. ಮಗಳು ಕಿಟಕಿಯ ಕೆಳಗೆ ನೆಲದ ಮೇಲೆ, ದುಪಟ್ಟಾ ಹಣೆಯವರೆಗೆ ಎಳೆದುಕೊಂಡು ಕೂತಿದ್ದಳು. ಕುಮಾರ ಸ್ಟೂಲಿನ ಮೇಲೆ. ಯಜಮಾನರು ಕುರ್ಚಿಯಲ್ಲಿ.

"ಅಣ್ಣಾ, ಟಿ.ವಿ. ನಿಮ್ಮನೆಯಿಂದ ಬರೋದಂತೆ. ಇವತ್ತೊಂದಿನ ಬಿಡ್ಬೇಡಿ."

"ನಮ್ಮನೆಯಿಂದ ಅಲ್ಲ ಕಣಮ್ಮ. ಅದು ಬೆಂಗಳೂರಿಂದು."

"ನಮ್ಮೂರಿಗೆ ಬೆಂಗಳೂರು ಎಲ್ಲಿ ಬತ್ತದಣ್ಣ? ನಿಮ್ಮ ವೈರು ಬತ್ತದೆ."

ಅವರು ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಅವರಿಗೆ ಫೋನ್ ಮಾಡಿದ್ರಾ?" ಎಂದರು.

"ಮಾಡಿದ್ವಿ. ಸೈನ್ ಹಾಕಿದೀರಲ್ಲ ಅಂದ್ರು. ನಾನು ನನ್ನ ಬಗ್ಗೆ ಹಾಕಿದ್ದೆ ಅಣ್ಣ. ಇವಳು ಬರೀ ಜೊತೆಗೆ ಬಂದೋಳು." ತಾಯಿ ಧ್ವನಿ ತಗ್ಗಿಸಿದರು, ಆದರೆ ಕೋಣೆ ಚಿಕ್ಕದು. "ಬೆಳಿಗ್ಗೆ ಎದ್ದು ನೋಡಿದ್ರೆ ಹಾಸಿಗೇಲಿ ಇಲ್ಲ. ಬಾವಿ ಕಟ್ಟೆ ಮೇಲೆ ಕೂತಿದ್ಲು. ನೀರು ಸೇದೋಕಲ್ಲ."

ಯಜಮಾನರು ಬೆಂಗಳೂರಿಗೆ ಫೋನ್ ಮಾಡಿದರು. ತಾಯಿಗೂ ಕೇಳಲಿ ಎಂದೋ ಏನೋ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಶಾಲು ತಂದಿದ್ದ ಅದೇ ಮನುಷ್ಯನ ದನಿ.

"ಆ ಹುಡುಗಿದು ತೆಗೆದ್ಬಿಡಿ ಸಾರ್. ಚಿಕ್ಕ ಮಗು."

"ಅದೇ ಇರೋದು ಸಾರ್ ಇವತ್ತು. ಅದು ತೆಗೆದ್ರೆ ಇನ್ನೇನಿದೆ?"

"ಹಂಗಾರೆ ನಮ್ಮೂರಲ್ಲಿ ಬರಲ್ಲ."

ಆ ಕಡೆ ನಗು ಕೇಳಿಸಿತು. "ಯಜಮಾನ್ರೇ, ನೀವು ಇದನ್ನ ಕಟ್ ಮಾಡಿದ್ರೆ ನಾಳೆ ಬೆಳಿಗ್ಗೆಯಿಂದ ನಮ್ಮ ಸೀರಿಯಲ್ ಚಾನೆಲ್ಲೂ ಇಲ್ಲ, ಸಿನಿಮಾ ಚಾನೆಲ್ಲೂ ಇಲ್ಲ. ಎಲ್ಲಾ ಒಂದೇ ಕಂಪನಿ. ನಿಮ್ಮ ಜನ ಬಿಡ್ತಾರಾ ನಿಮ್ಮನ್ನ?"

ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಸೀರಿಯಲ್ ಇಲ್ಲದ ಕೇಬಲ್ಲನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಕುಮಾರನಿಗೂ ಗೊತ್ತಿತ್ತು. ಅವನು ತಲೆ ಅಡ್ಡಡ್ಡ ಆಡಿಸುತ್ತಿದ್ದ. ನಾನು ಬಾಗಿಲಲ್ಲೇ ನಿಂತಿದ್ದೆ, ಮೂರಕ್ಕೆ ಐದು ನಿಮಿಷವಿತ್ತು. ಯಜಮಾನರು ಫೋನ್ ಇಟ್ಟರು. ಎದ್ದರು. ಕಪಾಟಿನ ಹಿಂದಕ್ಕೆ ಕೈ ಹಾಕಿ, ಆ ಚಾನೆಲ್ಲಿನ ಡಬ್ಬದಿಂದ ಊರಿಗೆ ಹೋಗುವ ಕಪ್ಪು ವೈರನ್ನು ಹುಡುಕಿ ಹಿಡಿದರು. ಗಡಿಯಾರ ನೋಡುತ್ತ ಹಾಗೇ ನಿಂತರು. ಮೂರು ಗಂಟೆಗೆ ಎಳೆದರು.

"ಅಣ್ಣ, ತಾಂತ್ರಿಕ ದೋಷ ಅಂತ ಹಾಕ್ಲಾ?" ಕುಮಾರ ಕೇಳಿದ.

"ಬೇಡ. ದೋಷ ಎಲ್ಲೈತೆ? ನಾವೇ ನಿಲ್ಲಿಸಿದ್ದೇವೆ ಅಂತ ಹಾಕು."

ಅರಸೀಕೆರೆ, ಬೇಲೂರು, ಹಳೇಬೀಡಿನ ಮನೆಗಳಲ್ಲಿ ಆ ಮಧ್ಯಾಹ್ನ ಕಂಡದ್ದು ಆ ಒಂದು ಸಾಲು. ಕೂಡಲೇ ಫೋನುಗಳು ಹೊಡೆದುಕೊಳ್ಳತೊಡಗಿದವು. ಬೇಲೂರಿನಲ್ಲಿ ಲೈನ್ ನೋಡಿಕೊಳ್ಳುತ್ತಿದ್ದವನು ಕೂಗುತ್ತಿದ್ದ: "ಅಣ್ಣೋ, ಏನಣ್ಣ ಇದು! ಹೆಂಗಸ್ರು ಆಫೀಸ್ ಮುಂದೆ ಬಂದು ನಿಂತವ್ರೆ!"

"ಎಲ್ರಿಗೂ ಕಾಫಿ ಕೊಡ್ಸು ಕಣೋ," ಎಂದು ಇಟ್ಟುಬಿಟ್ಟರು.

ಆಮೇಲೆ ಆದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಮಾರನೆಯ ಬೆಳಿಗ್ಗೆ ಆ ಕಂಪನಿಯ ಎಲ್ಲ ಚಾನೆಲ್ಲುಗಳೂ ಹೋದವು. ತಿಂಗಳ ಕೇಬಲ್ ದುಡ್ಡಿನ ವಸೂಲಿಗೆ ಹೋದ ಹುಡುಗರನ್ನು ಜನ ಬಯ್ದು ಕಳಿಸಿದರು. ನೋಡನೋಡುತ್ತ ಮನೆಗಳ ಮೇಲೆಲ್ಲ ಸ್ವಂತ ಛತ್ರಿಗಳೆದ್ದವು. ಸುದ್ದಿ ಮಾತ್ರ ಕಂಬದಿಂದ ಕಂಬಕ್ಕೆ ಹೋಯಿತು. ಕಡೂರು, ತಿಪಟೂರು, ಹಾಸನದ ಕೇಬಲ್‌ನವರು ಆ ಕಾರ್ಯಕ್ರಮದ ಚಾನೆಲ್ಲನ್ನು ಮತ್ತೆ ಕೊನೆಯ ನಂಬರಿಗೆ ತಳ್ಳಿದರು. ಕೆಲವರು ಆ ಹುಡುಗಿಯನ್ನು ತಮ್ಮೂರಿನ ಟಿ.ವಿ.ಯಲ್ಲಿ ಕಂಡು ನೊಂದು. ಕೆಲವರು ಕಂಪನಿಯ ಮೇಲೆ ಮೊದಲಿನಿಂದ ಇದ್ದ ಸಿಟ್ಟಿಗೆ. ಯಾರು ಯಾವುದಕ್ಕೆ ಎಂದು ನಾನು ಬಿಡಿಸಿ ಹೇಳಲಾರೆ. ಯುಗಾದಿ ಕಳೆಯುವ ಹೊತ್ತಿಗೆ ಕಾರ್ಯಕ್ರಮವೇ ನಿಂತಿತು. ಶಾಲಿನ ಮನುಷ್ಯ ಒಮ್ಮೆ ರೈಲ್ವೆ ಸ್ಟೇಷನ್ನಿನಲ್ಲಿ ನನಗೆ ಸಿಕ್ಕಿದ್ದ. "ನಮ್ಮ ಶೋ ಸ್ಟುಡಿಯೋದಲ್ಲಿ ಸಾಯಲಿಲ್ಲ ಸಾರ್, ನಿಮ್ಮ ಕೊಬ್ಬರಿ ಮಂಡಿ ಮೇಲೆ ಸತ್ತಿದ್ದು" ಎಂದ. ಬೇಸರದಿಂದಲೇ ಅಂದ. ಅವನ ಕೆಲಸವೂ ಹೋಗಿತ್ತು.

ಯಜಮಾನರು ಉಳಿದ ಲೈನನ್ನು ಬೇರೊಂದು ದೊಡ್ಡ ಕೇಬಲ್ ಕಂಪನಿಗೆ ಬಿಟ್ಟುಕೊಟ್ಟರು. ಊರಿಗೆ ಯಾವತ್ತೂ ಕಾರಣ ಹೇಳಲಿಲ್ಲ. ಹೇಳಿದರೆ ಹುಡುಗಿಯ ಮಾತು ಬರುತ್ತದಲ್ಲ. ಕಡೆಕಡೆಗೆ ಹಾಸನದ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. ವಾರ್ಡಿನ ಟಿ.ವಿ.ಗೆ ಬೆನ್ನು ಮಾಡಿ, ಬೇರೆ ರೋಗಿಗಳ ಕಡೆ ತಿರುಗಿ ಮಲಗಿದ್ದರು. "ಮೇಷ್ಟ್ರೇ, ಆ ಮೂಲೆಯೋನು ನೋಡ್ತಾ ಇಲ್ಲ, ನಿದ್ದೆ ಹೊಡೀತಾವ್ನೆ. ನರ್ಸಮ್ಮಂಗೆ ಹೇಳಿ ಚಾನೆಲ್ ಬದಲಾಯ್ಸಿ" ಎಂದರು. ಆಮೇಲೆ ನಮ್ಮ ಸುತ್ತ ಫೋನ್ ಹಿಡಿದು ಕೂತಿದ್ದವರನ್ನು ನೋಡಿ, "ಈಗ ಎಲ್ರೂ ಟಿ.ವಿ.ನ ಮಕಕ್ಕೇ ಇಟ್ಕೊಂಡವ್ರೆ. ನಾನೆಲ್ಲಿ ಕೂರ್ಲಿ?" ಎಂದು ನಕ್ಕರು.

ಮುಖಂಡರಿಗಾಗಿ ಎಳೆದದ್ದೂ ಅಂಥದೇ ವೈರು. ಅದನ್ನು ಎಳೆದದ್ದೂ ಅದೇ ಕೈ. ಒಂದು ಕೈಯಲ್ಲಿ ಅಷ್ಟು ಅಧಿಕಾರ ಇರಬಾರದು ಎಂದು ಒಂದು ದಿನ ಅನಿಸುತ್ತದೆ. ಆ ಮಧ್ಯಾಹ್ನ ಅದು ಇಲ್ಲದಿದ್ದರೆ, ಎಂದು ಮರುದಿನ. ಅದಕ್ಕೇ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಲು ಕರೆದಾಗ ನಾನು ಏಳಲಿಲ್ಲ.

ಈಗ ಆ ಕೋಣೆಗೆ ಮರಳುತ್ತೇನೆ. ಊರಿಗೆ ಹೋಗುವ ವೈರು ಯಜಮಾನರ ಕೈಯಲ್ಲಿತ್ತು. ಆದರೆ ಛತ್ರಿಯಿಂದ ಬರುವುದು ಬರುತ್ತಲೇ ಇತ್ತು. ಕಪಾಟಿನ ಮೇಲಿದ್ದ ಪುಟ್ಟ ಟಿ.ವಿ.ಯಲ್ಲಿ ಕಾರ್ಯಕ್ರಮ ಶುರುವಾಯಿತು. ಕುಮಾರ ಆರಿಸಲು ಎದ್ದ.

"ಇರ್ಲಿ," ಎಂದಳು ಹುಡುಗಿ. ಅವಳು ಮಾತಾಡಿದ್ದು ಅದೇ ಮೊದಲು. "ನಾನು ನೋಡ್ಬೇಕು."

ತಾಯಿ "ಬ್ಯಾಡ ಕಣೇ" ಎಂದರು. ಹುಡುಗಿ ದುಪಟ್ಟಾ ಹಿಂದಕ್ಕೆ ಸರಿಸಿ ಎದ್ದು ಬಂದು ಪರದೆಯ ಎದುರು ನಿಂತಳು. ಯಜಮಾನರು ಟಿ.ವಿ.ಗೂ ಅವಳಿಗೂ ನಡುವೆ, ತಮ್ಮ ಎಂದಿನ ಜಾಗದಲ್ಲೇ ಇದ್ದರು. ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ಎತ್ತಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತರು. ನೋಡುವವರ ಮುಖ ನೋಡುವುದೇ ಕಸುಬಾಗಿದ್ದ ಮನುಷ್ಯ. ವೈರು ಇನ್ನೂ ಕೈಯಲ್ಲೇ ಇತ್ತು.

ಪರದೆಯ ಮೇಲೆ ಆ ಪ್ರಶ್ನೆ ಬಂತು. ಅಪ್ಪನಾ, ಅಮ್ಮನಾ? ಪರದೆಯ ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಆ ಹೆಂಗಸು ಮತ್ತೆ ಕೇಳಿದರು, ಮತ್ತೆ ಕೇಳಿದರು. ಕೊನೆಗೆ ಹುಡುಗಿ, "ಇಬ್ರೂ" ಎಂದಳು. ಜೋರಾಗಿ ಸಂಗೀತ ಬಂತು. ತಾಯಿ ಮುಖ ಮುಚ್ಚಿಕೊಂಡದ್ದನ್ನು ತೋರಿಸಿದರು. ಜಾಹೀರಾತು ಬಂತು.

ಕೋಣೆಯಲ್ಲಿ ಹುಡುಗಿ ಪರದೆಯನ್ನೇ ನೋಡುತ್ತಿದ್ದಳು.

"ಅದಾದ್ಮೇಲೆ ಇನ್ನೊಂದು ಮಾತು ಹೇಳಿದ್ದೆ. ತೆಗೆದವ್ರೆ."

ಗೋಡೆಯ ಕಡೆಯಿಂದ, ತಿರುಗದೆಯೇ, ಯಜಮಾನರು ಕೇಳಿದರು: "ಏನಂದಿದ್ದೆ ಮಗಳೇ?"

"ಇಬ್ರೂ ಸುಳ್ಳು ಹೇಳಿದ್ರೂ ಪರವಾಗಿಲ್ಲ, ಮನೆಗೆ ಹೋಗೋಣ ಅಂದಿದ್ದೆ."

ತಾಯಿ ಬಂದು ಅವಳ ಕೈ ಹಿಡಿದರು. ಯಜಮಾನರ ಬೆನ್ನು ಅಲುಗಾಡುತ್ತಿದ್ದುದನ್ನು ನಾನು ಬಾಗಿಲಿಂದ ಕಂಡೆ. ಜಾಹೀರಾತು ಮುಗಿಯುವ ಮೊದಲೇ ತಾಯಿ ಮಗಳು ನನ್ನನ್ನು ದಾಟಿ ಮೆಟ್ಟಿಲಿಳಿದು ಹೋದರು.

ಇದನ್ನು ಕಂಡವರು, ಹೋದವರನ್ನು ಬಿಟ್ಟರೆ, ಈಗ ನಾಲ್ಕು ಜನ. ಬಾಗಿಲಲ್ಲಿದ್ದ ನಾನು. ಕುಮಾರ, ಬೇಲೂರು ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಕೇಳಿದರೆ ಹೇಳುತ್ತಾನೆ. ಆ ತಾಯಿ ಮಾದಿಹಳ್ಳಿಯಲ್ಲಿ ಈಗಲೂ ಬಟ್ಟೆ ಹೊಲಿಯುತ್ತಾರೆ. ಮತ್ತೆ ಆ ಮಗಳು. ಶ್ರದ್ಧಾಂಜಲಿ ಸಭೆಯಲ್ಲಿ ಕೊನೆಯ ಸಾಲಿನಲ್ಲಿ, ಮಡಿಲಲ್ಲಿ ಮಲಗಿದ್ದ ಮಗುವಿನ ತಲೆ ಸವರುತ್ತ ಕೂತಿದ್ದಳು. ಅವಳ ಹೆಸರು ನನಗೆ ಗೊತ್ತು. ಬದುಕಿದ್ದಾಳೆ.